ಅವಳಿಗಳ ಅದಲು ಬದಲು

ಜೂನ್ ತಿಂಗಳು. ಮುಂಗಾರಿನ ಮೊದಲ ಮಳೆ ಬಿದ್ದು ಹೊಲದಲ್ಲಿ ಬಿತ್ತನೆ ಶುರುವಾಗುವ ಹೊತ್ತಿಗೆ ಶಾಲೆಗಳೂ ಶುರುವಾಗಿರುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದು ಊರುಗಳ ಹೈಸ್ಕೂಲುಗಳಿಗೆ ಸುತ್ತಲ ಹಳ್ಳಿಗಳಿಂದ ಏಳನೆಯ ತರಗತಿ ಮುಗಿಸಿದ ಮಕ್ಕಳು ಬೆಳಗಿನ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಹೊಸ ಶಾಲೆ, ಹೊಸ ಮೇಷ್ಟ್ರುಗಳು, ಹೊಸ ಗೆಳೆಯರು.

ಹಾಗೆ ಇಳಿದವರಲ್ಲಿ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಒಂದೇ ಎತ್ತರ, ಒಂದೇ ಮೂಗು, ಒಂದೇ ನಗೆ. ಮನೆಯಲ್ಲಿ ಒಬ್ಬ 'ದೊಡ್ಡೋನು', ಇನ್ನೊಬ್ಬ 'ಸಣ್ಣೋನು'. ಇಬ್ಬರ ನಡುವೆ ಇರುವುದು ಹತ್ತು ನಿಮಿಷದ ಅಂತರ ಮಾತ್ರ. ದೊಡ್ಡೋನು ಎ ವಿಭಾಗದಲ್ಲಿ, ಸಣ್ಣೋನು ಬಿ ವಿಭಾಗದಲ್ಲಿ. ದೊಡ್ಡೋನಿಗೆ ಗಣಿತ ನೀರು ಕುಡಿದಷ್ಟು ಸಲೀಸು. ಸಣ್ಣೋನಿಗೆ ಬೀಜಗಣಿತ ಎಂದರೆ ಜ್ವರ. ಆದರೆ ಕನ್ನಡ ಪದ್ಯ ಒಮ್ಮೆ ಕೇಳಿದರೆ ಬಾಯಿಪಾಠ. ಎರಡನೆಯ ವಾರದಲ್ಲೇ ಇಬ್ಬರಿಗೂ ಒಂದು ಉಪಾಯ ಹೊಳೆಯುತ್ತದೆ. ಮಧ್ಯಂತರದ ಗಂಟೆ ಹೊಡೆದಾಗ ಬ್ಯಾಗು ಬದಲಾಯಿಸಿಕೊಂಡು, ಇವನು ಅವನ ತರಗತಿಗೆ, ಅವನು ಇವನ ತರಗತಿಗೆ! ಗಣಿತದ ಮೇಷ್ಟ್ರು ಎ ವಿಭಾಗದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಸಿಗುತ್ತದೆ, ಬಿ ವಿಭಾಗದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಸಿಗುತ್ತದೆ. "ಅಣ್ಣ ತಮ್ಮ ಇಬ್ಬರೂ ಹುಷಾರು" ಎಂದು ಅವರು ಸ್ಟಾಫ್ ರೂಮಿನಲ್ಲಿ ಹೊಗಳುತ್ತಾರೆ.

ಒಂದು ದಿನ ಕಿಟಕಿಯ ಗಾಜು ಒಡೆಯುತ್ತದೆ. ಓಡಿದ ಹುಡುಗನ ಮುಖವನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದಾರೆ. ಆದರೆ ಆ ಮುಖ ಇಬ್ಬರಿಗಿದೆ. "ನಾನಲ್ರೀ ಸರ, ಅವ್ನು ರೀ" ಎನ್ನುತ್ತಾನೆ ಒಬ್ಬ. "ನಾನೂ ಅಲ್ರೀ ಸರ" ಎನ್ನುತ್ತಾನೆ ಇನ್ನೊಬ್ಬ. ಮೇಷ್ಟ್ರು ಈಗ ಏನು ಮಾಡಬೇಕು?

ಪ್ರಶ್ನೆ ನಗು ಬರಿಸುವಂಥದು. ಆದರೆ ಸ್ವಲ್ಪ ಯೋಚಿಸಿದರೆ ಇದು ನ್ಯಾಯದ ಪ್ರಶ್ನೆ. ಜೊತೆಗೆ ವಿಜ್ಞಾನದ ಪ್ರಶ್ನೆ ಕೂಡ.

ಕಿಷ್ಕಿಂಧೆಯಲ್ಲಿ ಬಿಡದ ಬಾಣ

ಇಂಥ ಇಕ್ಕಟ್ಟಿನ ಹಳೆಯ ಕಥೆಯೊಂದು ನಮ್ಮ ಸೀಮೆಗೆ ತೀರಾ ಹತ್ತಿರದ್ದು. ಕೂಡ್ಲಿಗಿಯಿಂದ ಹೊಸಪೇಟೆ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಆನೆಗೊಂದಿ. ರಾಮಾಯಣದ ಕಿಷ್ಕಿಂಧೆ ಅದೇ ಎಂಬುದು ಜನರ ನಂಬಿಕೆ. ವಾಲಿ ಮತ್ತು ಸುಗ್ರೀವ ಅವಳಿಗಳಲ್ಲ, ಅಣ್ಣ ತಮ್ಮ. ಆದರೆ ರೂಪ, ನಿಲುವು, ನಡೆ ಎಲ್ಲವೂ ಒಂದೇ. ಅವರಿಬ್ಬರೂ ಮೊದಲ ಸಲ ಕಾದಾಡುವಾಗ ಮರೆಯಲ್ಲಿ ಬಿಲ್ಲು ಹಿಡಿದು ನಿಂತಿದ್ದ ರಾಮನಿಗೆ ವಾಲಿ ಯಾರು, ಸುಗ್ರೀವ ಯಾರು ಎಂದು ತಿಳಿಯದೆ ಹೋಯಿತು. ಅವಳಿ ದೇವತೆಗಳಾದ ಅಶ್ವಿನಿ ಕುಮಾರರಂತೆ ಅವರು ಕಂಡರಂತೆ. ರಾಮ ಬಾಣ ಬಿಡಲಿಲ್ಲ. ಏಟು ತಿಂದ ಸುಗ್ರೀವ ಓಡಿ ಬಂದು ದೂರಿದಾಗ ಅವನು ಕೊಟ್ಟ ಕಾರಣ ಇಷ್ಟೇ: ಗುರುತು ಸಿಗಲಿಲ್ಲ, ತಪ್ಪಿ ನಿನ್ನನ್ನೇ ಕೊಂದುಬಿಟ್ಟಿದ್ದರೆ? ಎರಡನೆಯ ಸಲ ಲಕ್ಷ್ಮಣ ಗಜಪುಷ್ಪಿಯ ಬಳ್ಳಿಯನ್ನು ಸುಗ್ರೀವನ ಕೊರಳಿಗೆ ಹಾಕಿದ. ಆ ಹೂಮಾಲೆಯೇ ಗುರುತಾಯಿತು.

ವಾಲಿವಧೆ ಸರಿಯೇ ತಪ್ಪೇ ಎಂಬ ವಾದ ಬೇರೆ. ಅದು ಇನ್ನೂ ಮುಗಿದಿಲ್ಲ. ಆದರೆ ಗುರುತು ಸಿಗದಾಗ ಕೈ ತಡೆಹಿಡಿಯಬೇಕು ಎಂಬ ವಿವೇಕದ ಬಗ್ಗೆ ವಾದವಿಲ್ಲ.

ಎರಡು ಬಗೆಯ ಹೆಡ್‌ಮಾಸ್ಟರುಗಳು

ಈಗ ಕಥೆಯಿಂದ ಚರಿತ್ರೆಗೆ ಬರೋಣ. ಅವಳಿಗಳನ್ನು ವೈಜ್ಞಾನಿಕವಾಗಿ ಅಭ್ಯಸಿಸಲು ಮೊದಲು ಹೊರಟವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮುಖ್ಯ. ಈತ ಚಾರ್ಲ್ಸ್ ಡಾರ್ವಿನ್‌ನ ಸೋದರ ಸಂಬಂಧಿ. ಮನುಷ್ಯನನ್ನು ರೂಪಿಸುವುದು ಹುಟ್ಟೋ ಬೆಳೆಸಿದ ರೀತಿಯೋ ಎಂಬ ಪ್ರಶ್ನೆಗೆ ಅವಳಿಗಳಿಂದ ಉತ್ತರ ಸಿಕ್ಕೀತು ಎಂದು ಅವನಿಗೆ ಹೊಳೆಯಿತು. ಅವಳಿಗಳಿಗೆ, ಅವರ ಬಂಧುಗಳಿಗೆ ಪ್ರಶ್ನಾವಳಿ ಕಳುಹಿಸಿದ. ತುಂಬ ಹೋಲುವ ಸುಮಾರು 80 ಜೋಡಿಗಳ ಬಗ್ಗೆ ಉತ್ತರ ಬಂದವು. 1875ರಲ್ಲಿ ಅವನ್ನು ಆಧರಿಸಿ ಒಂದು ಲೇಖನ ಪ್ರಕಟಿಸಿದ. ಅದರಲ್ಲಿ ಶಾಲೆಯ ಪ್ರಸಂಗಗಳೂ ಇವೆ. ನಮ್ಮ ದೊಡ್ಡೋನು ಸಣ್ಣೋನು ಮಾಡಿದ ಕಿತಾಪತಿ ಹೊಸದೇನಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಇಬ್ಬರು ಅವಳಿ ಹುಡುಗಿಯರಿಗೆ ಸಂಗೀತದ ಪಾಠ ಬೇರೆ ಬೇರೆ ವೇಳೆಯಲ್ಲಿ ನಡೆಯುತ್ತಿತ್ತು. ಒಬ್ಬಳಿಗೆ ಇಡೀ ದಿನ ರಜೆ ಬೇಕೆನಿಸಿದರೆ ಇನ್ನೊಬ್ಬಳು ಅದೇ ದಿನ ಎರಡು ಸಲ ಪಾಠಕ್ಕೆ ಕೂರುತ್ತಿದ್ದಳು! ಸಂಗೀತದ ಶಿಕ್ಷಕರಿಗೆ ಗೊತ್ತೇ ಆಗುತ್ತಿರಲಿಲ್ಲ. ಇನ್ನೊಂದು ಜೋಡಿ ಹುಡುಗರು ಮಹಾ ತುಂಟರು. ದೂರು ಬಂದಾಗ ತಪ್ಪು ಮಾಡಿದವನು ಯಾರೆಂದು ಇಬ್ಬರೂ ಬಾಯಿಬಿಡರು. ದೂರು ಕೊಟ್ಟವರಿಗೂ ಖಚಿತವಾಗಿ ಗೊತ್ತಿಲ್ಲ. ಅವರನ್ನು ಕಂಡ ಒಬ್ಬ ಹೆಡ್‌ಮಾಸ್ಟರು, ತಪ್ಪಿತಸ್ಥನ ಸಲುವಾಗಿ ನಿರಪರಾಧಿಯನ್ನು ಹೊಡೆಯಲಾರೆ ಎಂದು ಇಬ್ಬರನ್ನೂ ಬಿಟ್ಟುಬಿಡುತ್ತಿದ್ದರು. ಇನ್ನೊಬ್ಬ ಹೆಡ್‌ಮಾಸ್ಟರು ಇಬ್ಬರಿಗೂ ಬಾರಿಸುತ್ತಿದ್ದರು.

ಮೊದಲನೆಯವರದು ಕಿಷ್ಕಿಂಧೆಯ ವಿವೇಕ. ಎರಡನೆಯವರದು ಸುಲಭದ ದಾರಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆಯಾದ್ದರಿಂದ ಬೆತ್ತದ ಮಾತು ಇಲ್ಲ. ಆದರೆ ಬೈಗುಳ, ಅನುಮಾನ, "ನೀವಿಬ್ಬರೂ ಅಷ್ಟೇ" ಎಂಬ ಮಾತು - ಇವು ಇನ್ನೂ ಇಬ್ಬರ ಮೇಲೂ ಬೀಳುತ್ತಲೇ ಇವೆ.

ಗಾಲ್ಟನ್ ಮತ್ತೊಂದು ಮಾತು ಬರೆದಿದ್ದಾನೆ. ಎಳೆಯ ಅವಳಿಗಳ ಕೈಗೋ ಕೊರಳಿಗೋ ಗುರುತಿಗೆಂದು ರಿಬ್ಬನ್ ಕಟ್ಟುತ್ತಾರೆ. ಹಾಗಿದ್ದೂ ಒಬ್ಬನಿಗೆ ಸಲ್ಲಬೇಕಾದ ಊಟ, ಔಷಧ, ಏಟು ಇನ್ನೊಬ್ಬನಿಗೆ ಬೀಳುವುದುಂಟು ಎಂದು. ಒಂದು ಮನೆಯಲ್ಲಿ ಸ್ನಾನದ ಹೊತ್ತಿಗೆ ಮಕ್ಕಳೇ ಅದಲು ಬದಲಾದರೋ ಏನೋ ಎಂಬ ಅನುಮಾನ ಕೊನೆಯವರೆಗೂ ಉಳಿಯಿತಂತೆ! ಮಕ್ಕಳು ಬೆಳೆಯುತ್ತ ಬಂದಂತೆ ತಾಯಿ ತಪ್ಪುವುದು ಕಡಿಮೆಯಾಗುತ್ತದೆ, ಹೊರಗಿನವರು ತಪ್ಪುವುದು ಮಾತ್ರ ಹಾಗೆಯೇ ಇರುತ್ತದೆ ಎಂಬುದನ್ನೂ ಅವನು ಗಮನಿಸಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ.

(ಇದೇ ಗಾಲ್ಟನ್ ಮುಂದೆ 'ಉತ್ತಮ ತಳಿ'ಯ ಮನುಷ್ಯರನ್ನು ಬೆಳೆಸಬೇಕೆಂಬ ವಾದಕ್ಕೆ ಬಿದ್ದ. ಆ ವಾದ 20ನೆಯ ಶತಮಾನದಲ್ಲಿ ಲೋಕಕ್ಕೆ ದೊಡ್ಡ ಕೇಡು ಮಾಡಿತು. ವಿಜ್ಞಾನಿಯ ಅವಲೋಕನವನ್ನು ಒಪ್ಪಿದರೆ ಅವನ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕೆಂದಿಲ್ಲ.)

ಒಂದೇ ಕಡ್ಡಿಯ ಎರಡು ಗಿಡ

ಅವಳಿಗಳಲ್ಲಿ ಎರಡು ಬಗೆ. ತಾಯಿಯ ಎರಡು ಅಂಡಗಳು ಒಮ್ಮೆಗೇ ಬಿಡುಗಡೆಯಾಗಿ, ಎರಡು ಬೇರೆ ಬೇರೆ ವೀರ್ಯಾಣುಗಳಿಂದ ಫಲಿತವಾದರೆ ಹುಟ್ಟುವವರು ಸಾಮಾನ್ಯ ಅವಳಿಗಳು. ಇವರು ಒಂದೇ ಸಲ ಹುಟ್ಟಿದ ಅಣ್ಣ ತಮ್ಮ ಅಥವಾ ಅಣ್ಣ ತಂಗಿ, ಅಷ್ಟೇ. ಒಂದು ಗಂಡು ಒಂದು ಹೆಣ್ಣು ಇರಬಹುದು. ಒಬ್ಬರು ಕಪ್ಪು ಒಬ್ಬರು ಕೆಂಪು ಇರಬಹುದು. ಇವರು ಮೇಷ್ಟ್ರನ್ನು ಏಮಾರಿಸುವುದು ಕಷ್ಟ.

ಇನ್ನೊಂದು ಬಗೆ ತದ್ರೂಪಿ ಅವಳಿಗಳು. ಇಲ್ಲಿ ಒಂದೇ ಅಂಡ, ಒಂದೇ ವೀರ್ಯಾಣು. ಫಲಿತವಾದ ಅಂಡ ಬೆಳೆಯತೊಡಗಿದ ಮೊದಲ ದಿನಗಳಲ್ಲಿ ಎರಡಾಗಿ ಸೀಳುತ್ತದೆ. ಮೂರು ದಿನದೊಳಗೆ ಸೀಳಿದರೆ ಇಬ್ಬರಿಗೂ ಬೇರೆ ಬೇರೆ ಮಾಸು; ಅನಂತರ ಸೀಳಿದರೆ ಸಾಮಾನ್ಯವಾಗಿ ಇಬ್ಬರಿಗೂ ಸೇರಿ ಒಂದೇ ಮಾಸು. ಸುಮಾರು 13 ದಿನ ಕಳೆದ ಮೇಲೆ ಸೀಳತೊಡಗಿದರೆ ಸೀಳುವುದು ಪೂರ್ತಿಯಾಗದೆ ದೇಹಗಳು ಅಂಟಿಕೊಂಡಿರುವ ಸಯಾಮಿ ಅವಳಿಗಳಾಗುತ್ತಾರೆ. ತದ್ರೂಪಿಗಳು ಯಾವಾಗಲೂ ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣು. ಇದಕ್ಕೆ ಅಪವಾದ ಅತ್ಯಂತ ವಿರಳ. ರಕ್ತದ ಗುಂಪೂ ಒಂದೇ.

ಸಾಮಾನ್ಯ ಅವಳಿಗಳ ಪ್ರಮಾಣ ಊರಿಂದ ಊರಿಗೆ, ಕುಲದಿಂದ ಕುಲಕ್ಕೆ ಬದಲಾಗುತ್ತದೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನರಲ್ಲಿ ಬಹಳ ಹೆಚ್ಚು, ಜಪಾನಿನಲ್ಲಿ ಕಡಿಮೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಂಞಿ ಎಂಬ ಊರಿನಲ್ಲಿ ನೂರಾರು ಜೋಡಿ ಅವಳಿಗಳಿದ್ದಾರೆ. ಅಲ್ಲಿಯ ಶಾಲೆಯ ಮೇಷ್ಟ್ರುಗಳ ಪಾಡು ಕೇಳಬೇಕೆ! ಆದರೆ ತದ್ರೂಪಿಗಳ ಪ್ರಮಾಣ ಮಾತ್ರ ಲೋಕದಲ್ಲೆಲ್ಲ ಹೆಚ್ಚು ಕಡಿಮೆ ಒಂದೇ: ಸಾವಿರ ಹೆರಿಗೆಗೆ ಸುಮಾರು 4.

ಹಾಗಾದರೆ ತದ್ರೂಪಿಗಳು ಎಲ್ಲದರಲ್ಲೂ ತದ್ರೂಪಿಗಳೇ? ಇದಕ್ಕೆ ಉತ್ತರ ಹಡಗಲಿಯ ಮಲ್ಲಿಗೆ ತೋಟದಲ್ಲಿದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಮಲ್ಲಿಗೆಯನ್ನು ಬೀಜ ಬಿತ್ತಿ ಬೆಳೆಸುವುದಿಲ್ಲ. ಕಡ್ಡಿ ನೆಟ್ಟೋ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಬೇರು ಬಿಡಿಸಿಯೋ ಬೆಳೆಸುತ್ತಾರೆ. ಒಂದೇ ತಾಯಿಗಿಡದಿಂದ ಕತ್ತರಿಸಿದ ಎರಡು ಕಡ್ಡಿಗಳು ಅನುವಂಶೀಯವಾಗಿ ತದ್ರೂಪಿ ಅವಳಿಗಳೇ ಸರಿ. ಒಂದನ್ನು ಬಾವಿಯ ಕಾಲುವೆಯ ಪಕ್ಕ ನೆಡಿ, ಇನ್ನೊಂದನ್ನು ಬದುವಿನ ಒಣ ಮೂಲೆಯಲ್ಲಿ ನೆಡಿ. ಎರಡು ವರ್ಷ ಕಳೆದು ನೋಡಿದರೆ ಒಂದೇ ಹೂವು, ಒಂದೇ ಕಂಪು. ಆದರೆ ಒಂದು ಮೈತುಂಬ ಬಿಟ್ಟಿರುತ್ತದೆ, ಇನ್ನೊಂದು ಬಡಕಲಾಗಿರುತ್ತದೆ. ಮೊಗ್ಗು ಬಿಡಿಸುವ ಹೆಂಗಸಿಗೆ ಯಾವ ಗಿಡ ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲಿ ಒಂದೇ, ಎಲ್ಲಿ ಬೇರೆ?

ಮನುಷ್ಯರಲ್ಲೂ ಹೀಗೆಯೇ, ಇದಕ್ಕಿಂತ ಸೂಕ್ಷ್ಮವಾಗಿ. ನಮ್ಮ ಜೀವಕೋಶದ ಡಿಎನ್ಎ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ತದ್ರೂಪಿ ಅವಳಿಗಳು ಈ ಗ್ರಂಥದ ಎರಡು ಪ್ರತಿಗಳು. ಆದರೆ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದು ಉಂಟಷ್ಟೆ? ಐಸ್‌ಲ್ಯಾಂಡಿನ ವಿಜ್ಞಾನಿಗಳು 381 ಜೋಡಿ ತದ್ರೂಪಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಪ್ರಕಾರ, ಭ್ರೂಣದ ಮೊದಲ ಹಂತದಲ್ಲೇ ಒಂದು ಜೋಡಿಯ ನಡುವೆ ಸರಾಸರಿ 5.2 ಅಕ್ಷರ ವ್ಯತ್ಯಾಸ ಉಂಟಾಗಿರುತ್ತದೆ. 300 ಕೋಟಿಯಲ್ಲಿ ಐದು! ಇಲ್ಲವೆನ್ನುವಷ್ಟು ಕಡಿಮೆ, ಆದರೆ ಇಲ್ಲವೆಂದಲ್ಲ.

ಗ್ರಂಥ ಒಂದೇ ಆದರೂ ಯಾವ ಪುಟ ಓದಬೇಕು, ಯಾವ ಪುಟ ಮಡಿಚಿಡಬೇಕು ಎಂಬುದಕ್ಕೆ ಜೀವಕೋಶದಲ್ಲಿ ರಾಸಾಯನಿಕ ಗುರುತುಗಳಿವೆ. 2005ರಲ್ಲಿ ಸ್ಪೇನಿನ ವಿಜ್ಞಾನಿಗಳು 3ರಿಂದ 74 ವರ್ಷದವರೆಗಿನ 40 ಜೋಡಿಗಳನ್ನು ನೋಡಿದರು. ಎಳೆಯ ಅವಳಿಗಳಲ್ಲಿ ಈ ಗುರುತುಗಳು ಬಹುಪಾಲು ಒಂದೇ. ವಯಸ್ಸಾದ, ಬೇರೆ ಬೇರೆಯಾಗಿ ಬದುಕಿದ ಅವಳಿಗಳಲ್ಲಿ ಬಹಳ ಬೇರೆ. ಬದುಕು ಒಂದೇ ಗ್ರಂಥವನ್ನು ಎರಡು ರೀತಿ ಓದಿಸುತ್ತದೆ ಎಂದಾಯಿತು.

ಇನ್ನು ಬೆರಳಚ್ಚು. ತಾಯಿಯ ಗರ್ಭದಲ್ಲಿ ಸುಮಾರು 10ನೆಯ ವಾರದಿಂದ 17ನೆಯ ವಾರದೊಳಗೆ ಬೆರಳ ತುದಿಯ ಗೆರೆಗಳು ಮೂಡುತ್ತವೆ. ಗೆರೆಗಳ ಒಟ್ಟು ವಿನ್ಯಾಸವನ್ನು ಡಿಎನ್ಎ ನಿರ್ಧರಿಸಿದರೂ, ಗರ್ಭಜಲದ ಒತ್ತಡ, ಮಗು ಮಲಗಿದ ಭಂಗಿ, ಬೆರಳು ಬೆಳೆದ ವೇಗ ಇವೆಲ್ಲ ಸೇರಿ ಸಣ್ಣ ಸಣ್ಣ ಕವಲುಗಳನ್ನು ಬದಲಿಸುತ್ತವೆ. ಆದ್ದರಿಂದ ತದ್ರೂಪಿಗಳ ಬೆರಳಚ್ಚು ಹೋಲುತ್ತದೆ, ಒಂದೇ ಆಗಿರುವುದಿಲ್ಲ. ಲೋಕದ ಮೊದಲ ಬೆರಳಚ್ಚು ಕಚೇರಿಗಳಲ್ಲೊಂದು 1897ರಲ್ಲಿ ನಮ್ಮ ಕಲ್ಕತ್ತೆಯಲ್ಲೇ ತೆರೆಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳು ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಶ್ರಮಿಸಿದರು. ಈಗ ಆಧಾರ್ ಕಾರ್ಡಿಗೆ ಹತ್ತೂ ಬೆರಳನ್ನೂ ಎರಡೂ ಕಣ್ಣನ್ನೂ ತೆಗೆದುಕೊಳ್ಳುವುದು ಇದಕ್ಕೇ. ಕಣ್ಣಿನ ಕರಿಗುಡ್ಡೆಯ ಸುತ್ತಲ ಪೊರೆಯ ನಮೂನೆ ಕೂಡ ಅವಳಿಗಳಲ್ಲಿ ಬೇರೆ ಬೇರೆ. ಅಷ್ಟೇಕೆ, ಒಬ್ಬನದೇ ಎಡಗಣ್ಣು ಬಲಗಣ್ಣುಗಳಲ್ಲೂ ಬೇರೆ.

ಯಂತ್ರಗಳು ಸೋಲುವುದು ಮುಖದ ಮುಂದೆ. ಮುಖ ನೋಡಿ ತೆರೆಯುವ ಮೊಬೈಲ್ ಫೋನನ್ನು 2017ರಲ್ಲಿ ಮಾರುಕಟ್ಟೆಗೆ ತಂದ ಆಪಲ್ ಕಂಪನಿಯೇ ತದ್ರೂಪಿ ಅವಳಿಗಳ ವಿಷಯದಲ್ಲಿ ಇದು ತಪ್ಪಬಹುದು ಎಂದು ಒಪ್ಪಿಕೊಂಡಿತು. ಆದರೆ ಮೂಗಿನ ಮುಂದೆ ಅವಳಿಗಳೇ ಸೋಲುತ್ತಾರೆ! ಜೆಕ್ ದೇಶದ ವಿಜ್ಞಾನಿಗಳು ಚೆನ್ನಾಗಿ ತರಬೇತಾದ ಪೊಲೀಸ್ ನಾಯಿಗಳಿಗೆ ತದ್ರೂಪಿ ಅವಳಿಗಳ ಮೈವಾಸನೆ ಕೊಟ್ಟು ನೋಡಿದರು. ಒಂದೇ ಮನೆಯಲ್ಲಿದ್ದು ಒಂದೇ ಊಟ ಮಾಡುವ ಅವಳಿಗಳನ್ನೂ ಅವು ತಪ್ಪಿಲ್ಲದೆ ಬೇರ್ಪಡಿಸಿದವು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆಟ ಯಾವಾಗ ಆಟವಲ್ಲ?

ಅದಲು ಬದಲು ಕಥೆಗಳಿಗೆ, ಸಿನಿಮಾಗಳಿಗೆ ಹಬ್ಬ. ಜರ್ಮನಿಯ ಎರಿಕ್ ಕೆಸ್ಟ್ನರ್ 1949ರಲ್ಲಿ ಬರೆದ ಮಕ್ಕಳ ಕಾದಂಬರಿಯಲ್ಲಿ ಅಗಲಿದ ಅವಳಿ ಹುಡುಗಿಯರಿಬ್ಬರು ಬೇಸಿಗೆ ಶಿಬಿರದಲ್ಲಿ ಭೇಟಿಯಾಗಿ, ಒಬ್ಬಳು ಇನ್ನೊಬ್ಬಳ ಮನೆಗೆ ಹೋಗುತ್ತಾರೆ. ಅದೇ ಕಥೆ ಬಣ್ಣ ಬದಲಿಸಿ 1968ರ ಹಿಂದಿ ಚಿತ್ರ 'ದೋ ಕಲಿಯಾಂ' ಆಯಿತು. ಷೇಕ್ಸ್‌ಪಿಯರನ ಅವಳಿಗಳ ನಾಟಕ 1997ರಲ್ಲಿ ಕನ್ನಡಕ್ಕೆ 'ಉಲ್ಟಾಪಲ್ಟಾ' ಆಗಿ ಬಂದು ಜನರನ್ನು ನಗಿಸಿತು. ಕಥೆಯಲ್ಲಿ ಕೊನೆಗೆ ಎಲ್ಲವೂ ಸುಖಾಂತ.

ನಿಜ ಬದುಕಿನಲ್ಲಿ ಹಾಗಲ್ಲ. 1999ರಲ್ಲಿ ದಕ್ಷಿಣ ಆಫ್ರಿಕಾದ ಸುಮಾರು 90 ಕಿ.ಮೀ. ಉದ್ದದ ಕಾಮ್ರೇಡ್ಸ್ ಮ್ಯಾರಥಾನ್ ಓಟದಲ್ಲಿ, ಅವಳಿಗಳಲ್ಲದಿದ್ದರೂ ತುಂಬ ಹೋಲುತ್ತಿದ್ದ ಅಣ್ಣ ತಮ್ಮ ಸರದಿಯ ಮೇಲೆ ಓಡಿ ಒಂಬತ್ತನೆಯ ಸ್ಥಾನ ಗಿಟ್ಟಿಸಿದರು. ಸಿಕ್ಕಿಬಿದ್ದದ್ದು ಕೈಗಡಿಯಾರದಿಂದ: ಒಂದು ಚಿತ್ರದಲ್ಲಿ ಅದು ಎಡಗೈಯಲ್ಲಿ, ಇನ್ನೊಂದರಲ್ಲಿ ಬಲಗೈಯಲ್ಲಿ! 2019ರಲ್ಲಿ ಬ್ರೆಜಿಲ್ ದೇಶದ ಗೋಯಾಸ್ ರಾಜ್ಯದ ಕೋರ್ಟಿನ ಮುಂದೆ ಒಂದು ಮಗುವಿನ ತಂದೆ ಯಾರೆಂಬ ಪ್ರಶ್ನೆ ಬಂತು. ತದ್ರೂಪಿ ಅವಳಿಗಳಿಬ್ಬರೂ "ನಾನಲ್ಲ, ಅವನು" ಎಂದರು. ಸಾಧಾರಣ ಡಿಎನ್ಎ ಪರೀಕ್ಷೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿತು. ಹುಡುಗರಾಗಿದ್ದಾಗಿನಿಂದಲೂ ಇವರು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನಟಿಸುತ್ತ ಬಂದಿದ್ದನ್ನು ಗಮನಿಸಿದ ನ್ಯಾಯಾಧೀಶರು ಇಬ್ಬರೂ ಮಗುವಿನ ಖರ್ಚು ಕೊಡಬೇಕೆಂದು ತೀರ್ಪಿತ್ತರು. ನಮ್ಮ ಶಾಲೆಯ ಗಾಜಿನ ಪ್ರಶ್ನೆಯೇ ಇದು. ವಯಸ್ಸು ಮಾತ್ರ ದೊಡ್ಡದು.

ವಿದ್ಯಾರ್ಥಿಗಳು ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಗೆಳೆಯರ ನಡುವೆ ಹೆಸರು ಬದಲಿಸಿಕೊಂಡು ನಗುವುದು ಆಟ. ಪರೀಕ್ಷಾ ಕೊಠಡಿಯಲ್ಲಿ ಒಬ್ಬರ ನೋಂದಣಿ ಸಂಖ್ಯೆಯಲ್ಲಿ ಇನ್ನೊಬ್ಬರು ಕೂರುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮು ಇನ್ನೊಬ್ಬರಂತೆ ನಟಿಸಿ ವಂಚಿಸುವುದಕ್ಕೆ 5 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಹಾಲ್ ಟಿಕೆಟ್ಟಿನ ಫೋಟೋ ತದ್ರೂಪಿಗಳನ್ನು ಹಿಡಿಯಲಾರದು. ಕೈಬರಹ ಹಿಡಿಯುತ್ತದೆ, ಸಹಿ ಹಿಡಿಯುತ್ತದೆ, ಬೆರಳು ಹಿಡಿಯುತ್ತದೆ.

ಆದರೆ ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ಸಣ್ಣೋನನ್ನು ನೆನಪಿಸಿಕೊಳ್ಳಿ. ಅಣ್ಣ ಅವನ ಪರವಾಗಿ ಉತ್ತರ ಹೇಳಿದಷ್ಟು ದಿನ, ಅವನಿಗೆ ಬೀಜಗಣಿತ ಬರುವುದಿಲ್ಲ ಎಂಬುದು ಮೇಷ್ಟ್ರಿಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಅವರು ಮತ್ತೊಮ್ಮೆ ಹೇಳಿಕೊಡಲಿಲ್ಲ. ದೊಡ್ಡೋನಿಗೆ ಅದೇ ಪಾಠ ಎರಡು ಸಲ, ಸಣ್ಣೋನಿಗೆ ಒಂದು ಸಲವೂ ಇಲ್ಲ. ಗಾಲ್ಟನ್ ಹೇಳಿದ ಔಷಧದ ಕಥೆಯೇ ಇದು: ಕಾಯಿಲೆ ಒಬ್ಬನಿಗೆ, ಮದ್ದು ಇನ್ನೊಬ್ಬನಿಗೆ. ಅಣ್ಣ ತಮ್ಮನನ್ನು ಉಳಿಸಿದೆನೆಂದು ತಿಳಿದ. ನಿಜವಾಗಿ ತಮ್ಮನಿಗೆ ಸಿಗಬೇಕಾದ ಮೇಷ್ಟ್ರನ್ನೇ ತಪ್ಪಿಸಿಬಿಟ್ಟ.

ತಂದೆ ತಾಯಿಗಳಿಗೆ

ಅವಳಿಗಳನ್ನು ಒಂದೇ ವಿಭಾಗದಲ್ಲಿ ಕೂರಿಸಬೇಕೆ, ಬೇರೆ ಬೇರೆ ಮಾಡಬೇಕೆ? ಹೊಸ ಶಾಲೆಗೆ ಸೇರಿಸುವಾಗ ತಂದೆ ತಾಯಿಗಳು ಕೇಳುವ ಮೊದಲ ಪ್ರಶ್ನೆ ಇದು. ಬೇರೆ ಮಾಡಿದರೆ ಚೆನ್ನಾಗಿ ಓದುತ್ತಾರೆ ಎಂಬ ನಂಬಿಕೆ ಹಲವು ಶಾಲೆಗಳಲ್ಲಿತ್ತು. ಬ್ರಿಟನ್ ಮತ್ತು ಕೆನಡಾದ ಕ್ವಿಬೆಕ್‌ನ ಸಾವಿರಾರು ಜೋಡಿ ಅವಳಿಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಕೂತವರಿಗೂ ಬೇರೆ ಕೂತವರಿಗೂ ಓದಿನಲ್ಲಾಗಲೀ ಓದುವ ಆಸಕ್ತಿಯಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಮಿನೆಸೋಟ ರಾಜ್ಯ 2005ರಲ್ಲೇ ಈ ವಿಷಯದಲ್ಲಿ ತಂದೆ ತಾಯಿಯ ಅಭಿಪ್ರಾಯಕ್ಕೆ ಬೆಲೆ ಕೊಡುವ ಕಾನೂನು ಮಾಡಿತು. ಆದ್ದರಿಂದ ಒಂದೇ ನಿಯಮ ಎಲ್ಲರಿಗೂ ಸಲ್ಲದು. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಅಂಜುಬುರುಕ ಮಕ್ಕಳನ್ನು ಮೊದಲ ವರ್ಷವೇ ಕಿತ್ತು ಬೇರೆ ಕೂರಿಸುವುದು ಬೇಡ. ಒಬ್ಬನ ನೆರಳಲ್ಲಿ ಇನ್ನೊಬ್ಬ ಬಾಡುತ್ತಿದ್ದರೆ ಬೇರೆ ಮಾಡುವುದು ಒಳ್ಳೆಯದು. ಮುಖ್ಯವಾಗಿ ಮಕ್ಕಳನ್ನೇ ಕೇಳಬೇಕು. ಅದೂ ಇಬ್ಬರನ್ನೂ ಬೇರೆ ಬೇರೆಯಾಗಿ.

ಎರಡನೆಯದು ಹೋಲಿಕೆ. 2024ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಹಾಸನದ ಅವಳಿ ಸಹೋದರಿಯರಿಬ್ಬರಿಗೂ 600ಕ್ಕೆ 571 ಅಂಕ ಬಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದು ಸುದ್ದಿಯಾದದ್ದೇ ಅಪರೂಪವಾದ್ದರಿಂದ ಎಂಬುದನ್ನು ಮರೆಯಬಾರದು. ಹೆಚ್ಚಿನ ಅವಳಿಗಳ ಅಂಕ ಬೇರೆ ಬೇರೆಯೇ ಇರುತ್ತದೆ. "ಅವನಿಗೆ ಬಂದದ್ದು ನಿನಗ್ಯಾಕೆ ಬರಲಿಲ್ಲ?" ಎಂಬ ಪ್ರಶ್ನೆ ಯಾವ ಮಗುವಿಗಾದರೂ ಚುಚ್ಚುತ್ತದೆ, ದಿನವೂ ತನ್ನದೇ ಮುಖವನ್ನು ಎದುರಿಗೆ ನೋಡುವ ಮಗುವಿಗೆ ಇನ್ನೂ ಆಳಕ್ಕೆ ಚುಚ್ಚುತ್ತದೆ.

ಮೂರನೆಯದು ದಾಖಲೆ. ಅವಳಿಗಳಿಗೆ ಹುಟ್ಟಿದ ತಾರೀಖು, ತಂದೆ ತಾಯಿಯ ಹೆಸರು, ವಿಳಾಸ ಎಲ್ಲ ಒಂದೇ. ಅದರ ಮೇಲೆ ಪ್ರಾಸ ಹಾಕಿ ಹೆಸರಿಟ್ಟರೆ ಗುಮಾಸ್ತರ ಕೈ ತಪ್ಪುವುದು ಸಹಜ. ಶಾಲೆಗೆ ಸೇರಿಸುವ ದಿನವೇ ಇಬ್ಬರ ಆಧಾರ್, ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ, ಶಾಲೆಯ ವಿದ್ಯಾರ್ಥಿ ಸಂಖ್ಯೆ ಇವನ್ನು ಎರಡು ಬೇರೆ ಬೇರೆ ಫೈಲಿನಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಬೇಕು. ಲಸಿಕೆಯ ಕಾರ್ಡನ್ನೂ ಹಾಗೆಯೇ. ಒಬ್ಬರಿಗೆ ಎರಡು ಸಲ ಚುಚ್ಚಿ ಇನ್ನೊಬ್ಬರಿಗೆ ಬಿಟ್ಟುಹೋಗಬಾರದಲ್ಲ.

ಹೂಮಾಲೆ ಸಾಕೆ?

ದಾಖಲೆ ಸರಿಯಾದರೆ ಎಲ್ಲ ಸರಿಯಾಯಿತೆ? ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಕಾಗದದ ಮೇಲಿನ ವಿಳಾಸ ಮೂರು ಸಲ ಬದಲಾಯಿತು. ಊರಿನವರಿಗೆ ಊರು ಗುರುತು ತಪ್ಪಿತೆ? ಇಲ್ಲ. ಏಕೆಂದರೆ ಅವರು ಊರನ್ನು ಬಲ್ಲವರು.

ಗುರುತು ಎಂಬುದು ಎರಡು ಬಗೆ. ಒಂದು ಹೊರಗಿನಿಂದ ಕಟ್ಟಿದ್ದು: ಸುಗ್ರೀವನ ಮಾಲೆ, ಕೂಸಿನ ಕೈಯ ರಿಬ್ಬನ್, ಎ ವಿಭಾಗ, ಬಿ ವಿಭಾಗ, ನೋಂದಣಿ ಸಂಖ್ಯೆ. ಇದು ಬೇಕು, ಆದರೆ ಇದನ್ನು ಬಿಚ್ಚಿ ಇನ್ನೊಬ್ಬರಿಗೆ ಕಟ್ಟಬಹುದು. ಇನ್ನೊಂದು ಬಲ್ಲವರಿಗೆ ಮಾತ್ರ ಕಾಣುವಂಥದು. ತಾಯಿ ಅಡುಗೆಮನೆಯಲ್ಲಿದ್ದುಕೊಂಡೇ ಹೆಜ್ಜೆಯ ಸಪ್ಪಳ ಕೇಳಿ ಬಂದವನು ಯಾರೆಂದು ಹೇಳುತ್ತಾಳೆ. ಮಕ್ಕಳು ದೊಡ್ಡವರಾದಂತೆ ತಾಯಿ ತಪ್ಪುವುದಿಲ್ಲ, ಹೊರಗಿನವರು ತಪ್ಪುತ್ತಾರೆ ಎಂದು ಗಾಲ್ಟನ್ ಕಂಡದ್ದು ಇದನ್ನೇ. ಮೇಷ್ಟ್ರು ಜೂನ್ ತಿಂಗಳಲ್ಲಿ ಹೊರಗಿನವರು. ದಸರಾ ರಜೆಯ ಹೊತ್ತಿಗೂ ಹೊರಗಿನವರಾಗಿಯೇ ಉಳಿದರೆ ತಪ್ಪು ಅವಳಿಗಳದ್ದಲ್ಲ.

ಮತ್ತೆ ಆ ಗಾಜಿನ ವಿಷಯಕ್ಕೆ ಬರೋಣ. ಜಾಣ ಮೇಷ್ಟ್ರಾದರೆ ಆ ದಿನ ಯಾರನ್ನೂ ಬೈಯುವುದಿಲ್ಲ. ಇಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟು, ನಡೆದದ್ದನ್ನು ಬೇರೆ ಬೇರೆ ಕೂತು ಬರೆಯಿರಿ ಎನ್ನುತ್ತಾರೆ. ಕೂಡಲೇ ಎಷ್ಟೋ ಸಂಗತಿ ಕಾಣುತ್ತದೆ. ಒಬ್ಬನ ಅಕ್ಷರ ಬಲಕ್ಕೆ ವಾಲುತ್ತದೆ, ಇನ್ನೊಬ್ಬನದು ನೆಟ್ಟಗಿದೆ. ಒಬ್ಬ ನಾಲ್ಕು ಸಾಲಿನಲ್ಲಿ ಮುಗಿಸುತ್ತಾನೆ; ಇನ್ನೊಬ್ಬ ಪುಟ ತುಂಬ ಕಥೆ ಹೇಳುತ್ತಾನೆ, ಅದೂ ಎಷ್ಟು ಚೆಂದದ ಕನ್ನಡದಲ್ಲಿ! ಗಣಿತದಲ್ಲಿ ಇಬ್ಬರೂ ಒಂದೇ ಎಂದು ತಿಳಿದಿದ್ದವರಿಗೆ ಕನ್ನಡದಲ್ಲಿ ಇಬ್ಬರು ಕಾಣಿಸುತ್ತಾರೆ. ಮರುದಿನ ಹಾಜರಿ ಕರೆಯುವಾಗ ಅವರು ಪುಸ್ತಕ ನೋಡದೆ, ಮುಖ ನೋಡಿ, ಸಣ್ಣೋನನ್ನು ಅವನ ಸ್ವಂತ ಹೆಸರಿನಿಂದ ಕರೆದರೆ ಅವನು ಇನ್ನು ಅಣ್ಣನ ತರಗತಿಗೆ ಯಾಕೆ ಹೋದಾನು? ಗಾಜು ಒಡೆದವನು ಯಾರೆಂದು ಸಂಜೆಯೊಳಗೆ ತಾನಾಗಿ ಬಂದು ಹೇಳಿದರೂ ಆಶ್ಚರ್ಯವಿಲ್ಲ.

ಮಾಡಿ ನೋಡಿ

ಬೇಕಾದದ್ದು: ಸೀಸದ ಕಡ್ಡಿ, ಬಿಳಿ ಹಾಳೆ, ಪಾರದರ್ಶಕ ಅಂಟುಪಟ್ಟಿ, ಭೂತಗನ್ನಡಿ. ಸೀಸದ ಕಡ್ಡಿಯಿಂದ ಹಾಳೆಯ ಒಂದು ಮೂಲೆಯನ್ನು ದಟ್ಟವಾಗಿ ಗೀಚಿ ಕಪ್ಪು ಮಾಡಿ. ಬಲಗೈ ಹೆಬ್ಬೆರಳನ್ನು ಅದರ ಮೇಲೆ ಉಜ್ಜಿ. ಬೆರಳಿಗೆ ಅಂಟುಪಟ್ಟಿ ಒತ್ತಿ, ಮೆಲ್ಲಗೆ ಬಿಡಿಸಿ, ಬಿಳಿ ಹಾಳೆಗೆ ಅಂಟಿಸಿ. ಭೂತಗನ್ನಡಿಯಲ್ಲಿ ನೋಡಿದರೆ ಕಮಾನು, ಕುಣಿಕೆ ಅಥವಾ ಸುಳಿ - ಈ ಮೂರರಲ್ಲಿ ಒಂದು ವಿನ್ಯಾಸ ಕಾಣುತ್ತದೆ. ತರಗತಿಯ ಎಲ್ಲರದನ್ನೂ ತೆಗೆದು ಎಷ್ಟು ಮಂದಿಗೆ ಯಾವ ವಿನ್ಯಾಸ ಎಂದು ಎಣಿಸಿ. ಒಂದೇ ವಿನ್ಯಾಸ ಇರುವ ಇಬ್ಬರ ಅಚ್ಚನ್ನು ಅಕ್ಕಪಕ್ಕ ಇಟ್ಟು, ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ಹುಡುಕಿ. ನಿಮ್ಮ ಶಾಲೆಯಲ್ಲಿ ಅವಳಿಗಳಿದ್ದು ಅವರು ಒಪ್ಪಿದರೆ ಅವರದನ್ನೂ ಹೋಲಿಸಿ. ನೋಡಿದ ಮೇಲೆ ಹಾಳೆಗಳನ್ನು ಅವರವರಿಗೇ ಹಿಂದಿರುಗಿಸಿ. ಗುರುತು ಅವರವರ ಸ್ವಂತ ಆಸ್ತಿ.